ಗುಡ್ಡ ಕುಸಿದಾಗ ದೇವರ ಕೋಪ ಎನ್ನುವ ಮೊದಲು: ಕರಾವಳಿಯ ಸಭಾಪಾಲಕರಿಗೆ ಒಂದು ಬಹಿರಂಗ ಪತ್ರ

ಮಂಗಳೂರು ಮತ್ತು ಉಡುಪಿ ಭಾಗದ ಕ್ರೈಸ್ತ ಸಭೆಗಳ ಸಭಾಪಾಲಕರು, ಸಭಾ ಹಿರಿಯರು ಹಾಗೂ ಭಾನುವಾರದ ಶಾಲೆಯ ಶಿಕ್ಷಕರಿಗೆ,

ಮಾನ್ಯರೇ,

ಕ್ರಿಸ್ತನಲ್ಲಿ ವಂದನೆಗಳು.

ಹೊರಗೆ ನಿಂತು ಬೆರಳು ತೋರಿಸುವವನ ಪತ್ರ ಇದಲ್ಲ. ನಮ್ಮ ಮನೆತನ ಅಜ್ಜನ ಕಾಲದಿಂದಲೂ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಪರಂಪರೆಯ ಸಭೆಗೆ ಸೇರಿದ್ದು. ನಾನು ಪದವಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತನಾದವನು. ಸೃಷ್ಟಿಕರ್ತನನ್ನು ನಂಬುತ್ತೇನೆ, ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡವನ್ನು ದೇವರ ವಾಕ್ಯವೆಂದೇ ಓದುತ್ತೇನೆ. ಆ ನಂಬಿಕೆ ಇರುವುದರಿಂದಲೇ, ಕಲ್ಲು ಮಣ್ಣು ಮಳೆ ಭೂಕುಸಿತಗಳ ಬಗ್ಗೆ ಈಚಿನ ವರ್ಷಗಳಲ್ಲಿ ನಮ್ಮ ಸಭೆಗಳೊಳಗೆ ಆಡುತ್ತಿರುವ ಮಾತುಗಳನ್ನು ಕೇಳಿ ಸುಮ್ಮನಿರಲು ಆಗುತ್ತಿಲ್ಲ. ಸಮಿತಿಯ ಮುಂದೆ ಹೇಳಿ ನೋಡಿದೆ, ಬರೆದೂ ಕೊಟ್ಟೆ. ಉತ್ತರ ಬರಲಿಲ್ಲ. ಹಾಗಾಗಿ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಯಾವ ಸಭೆ, ಯಾವ ಬೋಧಕರು ಎಂದು ಹೆಸರಿಸುವುದಿಲ್ಲ. ಒಬ್ಬರನ್ನು ಅವಮಾನಿಸಿ ಆಗುವ ಕೆಲಸ ಇದಲ್ಲ.

ಬೇಸಿಗೆ ರಜೆಯ ವೇದಪಾಠ ಶಾಲೆಯ ಮಕ್ಕಳನ್ನು ಮಲ್ಪೆಯಿಂದ ದೋಣಿಯಲ್ಲಿ ಸೈಂಟ್ ಮೇರೀಸ್ ದ್ವೀಪಕ್ಕೆ ಕರೆದುಕೊಂಡು ಹೋಗಿದ್ದರು. ಮೊಮ್ಮಗಳ ಜೊತೆ ನಾನೂ ಹೋಗಿದ್ದೆ. ಕಂಬಗಲ್ಲುಗಳ ನಡುವೆ ಮಕ್ಕಳನ್ನು ಕೂರಿಸಿ, ಪರಊರಿನಿಂದ ಬಂದಿದ್ದ ಅತಿಥಿ ಬೋಧಕರು ಪಾಠ ಮಾಡಿದರು. ಈ ಕಂಬಗಳೆಲ್ಲ ನೋಹನ ಕಾಲದ ಜಲಪ್ರಳಯದಲ್ಲಿ, ಸುಮಾರು 4,300 ವರ್ಷಗಳ ಹಿಂದೆ, ಕೆಲವೇ ತಿಂಗಳುಗಳಲ್ಲಿ ಆದವು ಎಂದರು. ಕೋಟಿಗಟ್ಟಲೆ ವರ್ಷಗಳ ಲೆಕ್ಕ ದೇವರನ್ನು ನಂಬದವರು ಕಟ್ಟಿದ ಕತೆ, ಕಾರ್ಬನ್ ಡೇಟಿಂಗ್ ಸುಳ್ಳೆಂದು ಸಾಬೀತಾಗಿದೆ ಎಂದೂ ಸೇರಿಸಿದರು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, ಶಾಲೆಯಲ್ಲಿ ಬೇರೆಯೇ ಕಲಿಸಿದ್ದಾರಲ್ಲ ಎಂದು ಕೇಳಿದಳು. "ಶಾಲೆಯ ಪುಸ್ತಕ ಬೇಕೋ, ದೇವರ ವಾಕ್ಯ ಬೇಕೋ, ನೀನೇ ತೀರ್ಮಾನಿಸು" ಎಂಬ ಉತ್ತರ ಸಿಕ್ಕಿತು. ಆಕೆ ಕೂತಳು, ಮತ್ತೆ ಬಾಯಿ ತೆರೆಯಲಿಲ್ಲ. ಪ್ರಾಮಾಣಿಕವಾಗಿ ಪ್ರಶ್ನೆ ಕೇಳಿದ ಮಗುವನ್ನು ಎಲ್ಲರೆದುರು ಹೀಗೆ ಅಡಕತ್ತರಿಗೆ ಸಿಕ್ಕಿಸುವ ಅಧಿಕಾರವನ್ನು ಯಾರು ಕೊಟ್ಟರು?

ಎರಡನೆಯದು ಇನ್ನೂ ನೋವಿನದು. 2025ರ ಮೇ 30ರಂದು ಮಂಗಳೂರು ಬಳಿಯ ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡ ಕುಸಿದು, ಮನೆಯೊಳಗಿದ್ದ ಅಜ್ಜಿಯೂ ಇಬ್ಬರು ಪುಟ್ಟ ಮಕ್ಕಳೂ ಪ್ರಾಣ ಕಳೆದುಕೊಂಡರು. ಅದಾದ ಮೇಲೆ ನಡೆದ ಒಂದು ಪ್ರಾರ್ಥನಾ ಕೂಟದಲ್ಲಿ ನಾನು ಕೂತಿದ್ದೆ. ನೋಹನ ದಿನಗಳಲ್ಲಿ ಆದದ್ದೇ ಮತ್ತೆ ಆಗುತ್ತಿದೆ, ಕೊಡಗು, ವಯನಾಡು, ಶಿರೂರು, ಈಗ ನಮ್ಮ ಊರು, ಇವೆಲ್ಲ ಪಾಪದ ಮೇಲೆ ದೇವರು ಎರಗಿಸಿದ ನ್ಯಾಯತೀರ್ಪು ಎಂದು ವೇದಿಕೆಯಿಂದ ಹೇಳಿದರು. ಕೆಲವರು ಆಮೆನ್ ಎಂದರು. ಆ ಮಕ್ಕಳು ಯಾವ ಪಾಪ ಮಾಡಿದ್ದರು ಎಂದು ಒಬ್ಬರೂ ಕೇಳಲಿಲ್ಲ.

ಈ ಎರಡು ಮಾತುಗಳ ಬೇರು ಒಂದೇ. ಭೂಮಿಯ ಮೇಲಿನ ಎಲ್ಲ ಕಲ್ಲುಪದರಗಳೂ ಒಂದೇ ಪ್ರಳಯದ ಒಂದೇ ವರ್ಷದಲ್ಲಿ ಆದವು ಎಂದು ನಂಬಿಬಿಟ್ಟರೆ, ಪ್ರತಿಯೊಂದು ಗುಡ್ಡಕ್ಕೂ ಅದರದೇ ಆದ ಕಾರಣ, ಅದರದೇ ಆದ ಚರಿತ್ರೆ ಇದೆಯೆಂದು ನೋಡುವ ಕಣ್ಣು ಮುಚ್ಚಿಹೋಗುತ್ತದೆ. ಇದರಿಂದ ನಮ್ಮ ಊರಿನಲ್ಲಿ ಜೀವ ಹೋಗಬಹುದು ಎಂಬುದೇ ನನ್ನ ಆತಂಕ.

ಪ್ರಳಯದ ವಾದವನ್ನು ಅದರ ಪ್ರತಿಪಾದಕರು ಹೇಳುವ ಹಾಗೆಯೇ ಮೊದಲು ಮುಂದಿಡುತ್ತೇನೆ. ಆದಿಕಾಂಡ 7:11ರಲ್ಲಿ ಮಹಾಸಾಗರದ ಸೆಲೆಗಳು ಒಡೆದವು ಎಂದಿದೆ. ಆ ಒಡೆತದಲ್ಲೇ ಭೂಫಲಕಗಳು, ಅಂದರೆ ಭೂಮಿಯ ಹೊರಪದರದ ಬೃಹತ್ ತುಂಡುಗಳು, ಸೀಳಿ ಖಂಡಗಳು ವೇಗವಾಗಿ ಸರಿದವು, ಜ್ವಾಲಾಮುಖಿಗಳು ಉಕ್ಕಿದವು, ನೀರು ಹೊತ್ತು ತಂದ ಕೆಸರು ಪದರಪದರವಾಗಿ ಕೂತು ಬಂಡೆಯಾಯಿತು ಎಂಬುದು ಅವರ ನಿಲುವು. ಅಮೆರಿಕದ ಸೈಂಟ್ ಹೆಲೆನ್ಸ್ ಪರ್ವತ 1980ರ ಮೇ 18ರಂದು ಸಿಡಿದಾಗ, ಮತ್ತೆ 1982ರಲ್ಲಿ ಅಲ್ಲಿ ಕೆಸರಿನ ಪ್ರವಾಹ ಹರಿದಾಗ, ದಪ್ಪನೆಯ ಬೂದಿಪದರಗಳೂ ಆಳವಾದ ಕೊರಕಲೂ ಅಲ್ಪಕಾಲದಲ್ಲೇ ಆದದ್ದನ್ನು ಉದಾಹರಣೆಯಾಗಿ ಕೊಡುತ್ತಾರೆ. ಆದದ್ದು ನಿಜ. ಭೂವಿಜ್ಞಾನ ಅದನ್ನು ಅಲ್ಲಗಳೆಯುವುದೂ ಇಲ್ಲ. ಮಹಾದುರಂತಗಳಿಗೆ ನಮ್ಮ ಶಾಸ್ತ್ರದಲ್ಲಿ ಜಾಗವಿಲ್ಲ ಎಂಬ ಆರೋಪವೇ ತಪ್ಪು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಬರಡು ಕಣಿವೆಗಳನ್ನು ದೈತ್ಯ ಪ್ರವಾಹವೇ ಕೊರೆದದ್ದು ಎಂದು ಹಾರ್ಲೆನ್ ಬ್ರೆಟ್ಜ್ 1923ರಲ್ಲಿ ಬರೆದಾಗ ಉಳಿದ ವಿಜ್ಞಾನಿಗಳು ಒಪ್ಪಲಿಲ್ಲ. ದಶಕಗಳ ನಂತರ ಪುರಾವೆ ನೋಡಿ ಒಪ್ಪಿದರು. ಆದರೆ ಮೆತ್ತನೆಯ ಬೂದಿಯಲ್ಲಿ ಕೊರಕಲು ಬೇಗ ಬೀಳುತ್ತದೆ ಎಂದ ಮಾತ್ರಕ್ಕೆ ಎಲ್ಲ ಬಂಡೆಗಳೂ ಬೇಗ ಆದವು ಎಂದಾಗುವುದಿಲ್ಲ. ಯಾವ ಕಲ್ಲು ಎಷ್ಟು ಕಾಲ ತೆಗೆದುಕೊಂಡಿತು ಎಂಬುದನ್ನು ಆ ಕಲ್ಲಿನಲ್ಲೇ ಓದಬೇಕು.

ಮಲ್ಪೆಯ ದ್ವೀಪದ ಕಲ್ಲನ್ನೇ ಓದೋಣ. ಸಿಲಿಕಾ ಹೆಚ್ಚಿರುವ ಲಾವಾ ಅಲ್ಲಿ ತೆರೆದ ನೆಲದ ಮೇಲೆ ತಣಿಯಿತು. ತಣಿಯುತ್ತಾ ಕುಗ್ಗಿತು, ಕುಗ್ಗುತ್ತಾ ಬಿರಿಯಿತು. ಬಿರುಕುಗಳು ತಣ್ಣಗಾದ ಮೇಲ್ಮೈಯಿಂದ ಒಳಕ್ಕೆ ಇಳಿದದ್ದರಿಂದ ಐದು, ಆರು, ಏಳು ಮುಖಗಳ ಕಂಬಗಳಾದವು. ನೀರಿನೊಳಗೆ ಉಕ್ಕಿದ ಲಾವಾದ ಸ್ವರೂಪವೇ ಬೇರೆ. ಅದನ್ನು ನೋಡಬೇಕಾದರೆ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋಗಿ. ಅಲ್ಲಿನ ಶಿಲೆ ಒಂದರ ಮೇಲೊಂದು ಒಟ್ಟಿದ ದಿಂಬುಗಳಂತಿದೆ. ಎರಡೂ ನಮ್ಮ ರಾಜ್ಯದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಮಕ್ಕಳಿಗೆ ಎರಡನ್ನೂ ತೋರಿಸಿದರೆ ನೀರಿನಲ್ಲಿ ಆದದ್ದು ಯಾವುದು, ಗಾಳಿಯಲ್ಲಿ ಆದದ್ದು ಯಾವುದು ಎಂದು ಅವರೇ ಹೇಳಿಯಾರು.

ಇನ್ನು ಕಾರ್ಬನ್ ಡೇಟಿಂಗ್ ವಿಚಾರ. ಯಾವ ಭೂವಿಜ್ಞಾನಿಯೂ ಲಾವಾದ ವಯಸ್ಸನ್ನು ಕಾರ್ಬನ್‌ನಿಂದ ಅಳೆಯುವುದಿಲ್ಲ. ಕಾರ್ಬನ್-14ರ ಅರ್ಧಾಯುಷ್ಯ, ಅಂದರೆ ಇದ್ದದ್ದು ಕ್ಷಯಿಸಿ ಅರ್ಧವಾಗಲು ಬೇಕಾದ ಕಾಲ, 5,730 ವರ್ಷ. ಒಂದು ಕಾಲಕ್ಕೆ ಜೀವವಿದ್ದ ಮರ, ಎಲುಬು, ಇದ್ದಿಲುಗಳಿಗೆ, ಅದೂ ಸುಮಾರು 50,000 ವರ್ಷಗಳವರೆಗೆ ಮಾತ್ರ ಅದು ಉಪಯೋಗ. ಲಾವಾಕ್ಕೆ ಬಳಸುವುದು ಪೊಟ್ಯಾಸಿಯಂ-40 ಆರ್ಗಾನ್ ಆಗಿ ಬದಲಾಗುವ ಲೆಕ್ಕವನ್ನು. ಅದರ ಅರ್ಧಾಯುಷ್ಯ ಸುಮಾರು 125 ಕೋಟಿ ವರ್ಷ. ಹಾಗೆ ಅಳೆದಾಗ ದ್ವೀಪದ ಲಾವಾಕ್ಕೆ ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳ ಆಸುಪಾಸಿನ ವಯಸ್ಸು ಬಂದಿದೆ. ಬೇರೆಬೇರೆ ಅಳತೆಗಳ ನಡುವೆ ವ್ಯತ್ಯಾಸ ಇದೆ, ನಿಜ. ಆದರೆ ಅದು ಒಂಬತ್ತು ಕೋಟಿಗೂ ನಾಲ್ಕು ಸಾವಿರಕ್ಕೂ ನಡುವಿನ ವ್ಯತ್ಯಾಸವಲ್ಲ. ಪ್ರಳಯದ ವರ್ಷದಲ್ಲಿ ಈ ಬದಲಾವಣೆ ಅತಿವೇಗವಾಗಿ ನಡೆದಿರಬಹುದು ಎಂದು ಅಮೆರಿಕದ ಸೃಷ್ಟಿವಾದಿ ಸಂಶೋಧಕರ ತಂಡವೊಂದು ವಾದಿಸಿತು. ಹಾಗಾದರೆ ಹೊಮ್ಮುವ ಅಪಾರ ಶಾಖ ಎಲ್ಲಿಗೆ ಹೋಯಿತು ಎಂಬ ಸಮಸ್ಯೆ ಬಗೆಹರಿದಿಲ್ಲವೆಂದು 2005ರಲ್ಲಿ ಆ ತಂಡವೇ ಒಪ್ಪಿಕೊಂಡಿತು. ಅವರ ಆ ಪ್ರಾಮಾಣಿಕತೆಗೆ ನನ್ನ ಗೌರವವಿದೆ. ನಮ್ಮ ವೇದಿಕೆಗಳಲ್ಲಿ ಆ ಒಪ್ಪಿಗೆಯ ಸುದ್ದಿಯೇ ಬರುವುದಿಲ್ಲ.

ದ್ವೀಪದ ಲಾವಾದ ಕಾಲಕ್ಕೆ ಸೇರಿದ ಜ್ವಾಲಾಮುಖಿ ಶಿಲೆಗಳು ಸಾಗರದ ಆಚೆ ಮಡಗಾಸ್ಕರ್‌ನಲ್ಲೂ ಇವೆ. ಭಾರತವೂ ಮಡಗಾಸ್ಕರ್ ದ್ವೀಪವೂ ಬೇರ್ಪಟ್ಟ ಕಾಲದ ಗುರುತುಗಳು ಅವು. ಇಂದು ಎರಡರ ನಡುವೆ ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ದೂರ. ನಮ್ಮ ಭೂಫಲಕ ಈಗಲೂ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ಸರಿಯುತ್ತಿರುವುದನ್ನು ಉಪಗ್ರಹಗಳು ಅಳೆಯುತ್ತಿವೆ. ವೇಗ ಕಾಲಕಾಲಕ್ಕೆ ಏರಿಳಿದಿದ್ದರೂ ಒಟ್ಟು ಲೆಕ್ಕ ಕೋಟಿ ವರ್ಷಗಳಿಗೆ ಹೊಂದುತ್ತದೆ. ಅದೇ ದೂರವನ್ನು ಪ್ರಳಯದ ಒಂದು ವರ್ಷದಲ್ಲಿ ಕ್ರಮಿಸಬೇಕಾದರೆ ಇಡೀ ದೇಶ ದಿನಕ್ಕೆ ಹತ್ತು ಕಿಲೋಮೀಟರಿಗೂ ಹೆಚ್ಚು ಓಡಬೇಕು. ಅದರ ಕೆಳಗೆ ಕಲ್ಲು ಕರಗುತ್ತಿರುವಾಗ ಮೇಲಿನ ನೀರಿನಲ್ಲಿ ನೋಹನ ನಾವೆ ತೇಲಿತು ಎಂದು ನಂಬಿಸುವುದರಿಂದ ವಾಕ್ಯಕ್ಕೆ ಗೌರವ ಸಲ್ಲುತ್ತದೆಯೇ?

4,300 ಎಂಬ ಸಂಖ್ಯೆ ಬೈಬಲಿನಲ್ಲಿ ಎಲ್ಲಿಯೂ ಇಲ್ಲ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ವಂಶಾವಳಿಗಳನ್ನು ಕೂಡಿಸಿ, ಸೃಷ್ಟಿ ಆದದ್ದು ಕ್ರಿ.ಪೂ. 4004ರಲ್ಲಿ ಎಂದು ಲೆಕ್ಕ ಹಾಕಿದರು. ಪ್ರಳಯದ ಕಾಲವೂ ಅಂಥ ಲೆಕ್ಕದಿಂದಲೇ ಬಂದದ್ದು. ಅದು ಒಬ್ಬ ವಿದ್ವಾಂಸರ ಶ್ರಮ, ದರ್ಶನವಲ್ಲ. ಎಲ್ಲ ಶಿಲೆಗಳನ್ನೂ ಪ್ರಳಯಕ್ಕೆ ಕಟ್ಟುವ ಇಂದಿನ ವಾದವಂತೂ ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಬೆಳೆದು, 1960ರ ದಶಕದಿಂದ ಈಚೆಗೆ ಹರಡಿದ್ದು. ನಮ್ಮ ಸಭೆಯ ಹಿರಿಯರು ಅದನ್ನು ಅಪೊಸ್ತಲರಿಂದ ಬಂದ ಬೋಧನೆಯೆಂಬಂತೆ ಕಾಪಾಡುತ್ತಿರುವುದು ಕಂಡಾಗ ವ್ಯಥೆಯಾಗುತ್ತದೆ.

ಕ್ರೈಸ್ತರ ಹಳೆಯ ಪರಂಪರೆ ಹೀಗಿರಲಿಲ್ಲ. ಕೆಳಗಿನ ಪದರ ಮೊದಲಿನದು, ಮೇಲಿನದು ನಂತರದ್ದು ಎಂಬ ನಮ್ಮ ಶಾಸ್ತ್ರದ ಮೊದಲ ಪಾಠವನ್ನು 1669ರಲ್ಲಿ ಬರೆದ ನಿಕೊಲಸ್ ಸ್ಟೆನೊ ಮುಂದೆ ಕಥೋಲಿಕ ಬಿಷಪ್ ಆದವರು. ಇಂಗ್ಲೆಂಡಿನ ಆಡಮ್ ಸೆಜ್‌ವಿಕ್ ಆಂಗ್ಲಿಕನ್ ಪಾದ್ರಿ, ಕೇಂಬ್ರಿಡ್ಜಿನಲ್ಲಿ ಭೂವಿಜ್ಞಾನದ ಪ್ರಾಧ್ಯಾಪಕ. ಮೇಲ್ಮಣ್ಣಿನ ಜಲ್ಲಿರಾಶಿಗಳು ನೋಹನ ಪ್ರಳಯದ ಸಾಕ್ಷಿ ಎಂದು ಅವರು ಮೊದಲು ನಂಬಿದ್ದರು. ನೆಲವನ್ನು ಸುತ್ತಿ ನೋಡಿದ ಮೇಲೆ, ಆ ರಾಶಿಗಳು ಒಂದೇ ಕಾಲದವಲ್ಲ ಎಂದು ತಿಳಿದು, 1831ರಲ್ಲಿ ಲಂಡನ್ನಿನ ಭೂವೈಜ್ಞಾನಿಕ ಸಂಘದ ಅಧ್ಯಕ್ಷಪೀಠದಿಂದಲೇ ತಮ್ಮ ಅಭಿಪ್ರಾಯವನ್ನು ಹಿಂದಕ್ಕೆ ಪಡೆದರು. ಡಾರ್ವಿನ್ ತಮ್ಮ ವಿಕಾಸವಾದವನ್ನು ಪುಸ್ತಕವಾಗಿ ಹೊರತಂದದ್ದು 1859ರಲ್ಲಿ. ಸೆಜ್‌ವಿಕ್ ಅದನ್ನು ಕಡೆಯವರೆಗೂ ಒಪ್ಪಲಿಲ್ಲ. ಅಂದರೆ ಪ್ರಳಯದ ಭೂವಿಜ್ಞಾನವನ್ನು ಕೈಬಿಟ್ಟದ್ದು ನಾಸ್ತಿಕರ ಪಿತೂರಿಯಿಂದ ಅಲ್ಲ. ಬಲಿಪೀಠದ ಮುಂದೆ ನಿಲ್ಲುತ್ತಿದ್ದವರೇ ಕಲ್ಲನ್ನು ಕಣ್ಣಾರೆ ಕಂಡು ಕೈಬಿಟ್ಟರು. ನಮ್ಮ ಊರಿನಲ್ಲಿಯೂ ಅಷ್ಟೆ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು ಇಲ್ಲಿನ ಹೊಳೆಗಳ ಆವೆಮಣ್ಣನ್ನು ಪರೀಕ್ಷಿಸಿ, ಸುಟ್ಟು ನೋಡಿ. ಮಣ್ಣಿನ ಗುಣವನ್ನು ಮಣ್ಣಿನಿಂದಲೇ ಕಲಿತರು.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ದ್ವೀಪದ ವಯಸ್ಸು ಎಷ್ಟಿದ್ದರೆ ನಮಗೇನು ಎಂದು ನಿಮ್ಮಲ್ಲಿ ಕೆಲವರು ನನ್ನನ್ನು ಕೇಳಿದ್ದುಂಟು. ಉತ್ತರ ನಮ್ಮ ಕಾಲಡಿಯಲ್ಲಿದೆ. ನಮ್ಮ ಮನೆ, ಬಾವಿ, ಎಷ್ಟೋ ಹಳೆಯ ದೇವಾಲಯಗಳು ಮತ್ತು ಚರ್ಚುಗಳ ಗೋಡೆ, ಎಲ್ಲವೂ ಮುರಕಲ್ಲಿನವು. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟು ಜಗತ್ತಿಗೆ ಪರಿಚಯಿಸಿದ ಕಲ್ಲು ಇದು. ನೀರು ಹೊತ್ತು ತಂದು ಹಾಕಿದ ಕೆಸರಿನಿಂದ ಇದು ಆದದ್ದಲ್ಲ. ಮಳೆಗಾಲ, ಬೇಸಿಗೆ, ಮತ್ತೆ ಮಳೆಗಾಲ, ಹೀಗೆ ಲಕ್ಷಾಂತರ ವರ್ಷ ನೆನೆದು ಒಣಗಿ, ಕೆಳಗಿನ ಗಟ್ಟಿಶಿಲೆ ಇದ್ದಲ್ಲೇ ಕೊಳೆತು, ಸಿಲಿಕಾ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದು ಗಟ್ಟಿಯಾದದ್ದು. ನಡುವೆ ಒಂದು ಅರೆಬೆಂದ ಹಂತ ಇದೆ. ಮೇಲಿನ ಕಲ್ಲಿಗೂ ತಳದ ಶಿಲೆಗೂ ನಡುವೆ ಬಿಳಿ, ಹಳದಿ, ನಸುಗೆಂಪು ಬಣ್ಣದ, ಮುಟ್ಟಿದರೆ ಹಿಟ್ಟಿನಂತಿರುವ ಮಣ್ಣು. ಶೇಡಿ ಮಣ್ಣು ಎಂದರೆ ಇಲ್ಲಿನ ಬಾವಿ ತೋಡುವವರೆಲ್ಲರಿಗೂ ಗೊತ್ತು. ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಟಿಕೆಯ ಇಂಜಿನಿಯರುಗಳು ಇದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಒಣಗಿದಾಗ ಗೋಡೆಯಂತೆ ನಿಲ್ಲುತ್ತದೆ, ನೀರು ಕುಡಿದರೆ ಬಲವನ್ನೆಲ್ಲ ಕಳೆದುಕೊಳ್ಳುತ್ತದೆ.

ಮುರಕಲ್ಲು ಹೇಗೆ ಆಯಿತು ಎಂದು ಬಲ್ಲವನಿಗೆ ಅದರ ಕೆಳಗೆ ಶೇಡಿ ಇರುತ್ತದೆ ಎಂದು ಅಗೆಯುವ ಮೊದಲೇ ಗೊತ್ತು. ಜೆಸಿಬಿ ತಂದು ಗುಡ್ಡವನ್ನು ನೆಟ್ಟಗೆ ಕಡಿದರೆ ಆ ಶೇಡಿ ಬೆತ್ತಲಾಗುತ್ತದೆ, ಆಷಾಢದ ಮಳೆಗೆ ಕರಗಿ ಜಾರುತ್ತದೆ, ಮೇಲಿನ ಕಲ್ಲು ಇಡಿಯಾಗಿ ಕೆಳಗೆ ಬರುತ್ತದೆ ಎಂಬುದೂ ಗೊತ್ತು. ಎಲ್ಲ ಕಲ್ಲೂ ಒಂದು ವರ್ಷದ ಪ್ರಳಯದ ಕೆಸರು ಎಂದು ಕಲಿತ ಮಗುವಿಗೆ ಇದು ತಿಳಿಯಲು ದಾರಿಯೇ ಇಲ್ಲ. ಆ ಮಗು ನಾಳೆ ಗುತ್ತಿಗೆದಾರನಾದೀತು, ಪಂಚಾಯಿತಿ ಸದಸ್ಯನಾದೀತು, ಗುಡ್ಡದ ಬುಡದಲ್ಲಿ ಮನೆ ಕಟ್ಟೀತು.

2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಕುಸಿದ ಗುಡ್ಡವನ್ನು ಹೆದ್ದಾರಿ ಅಗಲ ಮಾಡಲು ಕಡಿದಿದ್ದರು. 2018ರ ಆಗಸ್ಟಿನಲ್ಲಿ ಕೊಡಗು ಜರಿದಾಗಲೂ, ಅತಿಮಳೆಯ ಜೊತೆಗೆ, ಮನೆಗೆ ರಸ್ತೆಗೆ ಇಳಿಜಾರು ಕಡಿದದ್ದು ಕಾರಣವೆಂದು ಸ್ಥಳ ಪರಿಶೀಲಿಸಿದ ಭೂವಿಜ್ಞಾನಿಗಳು ಗುರುತಿಸಿದರು. ಇಂಥಲ್ಲಿ ದೇವರ ನ್ಯಾಯತೀರ್ಪು ಎಂದು ಬೋಧಿಸಿದರೆ ಗುಡ್ಡ ಕಡಿದವನೂ ಅನುಮತಿ ಕೊಟ್ಟವನೂ ಆಮೆನ್ ಎಂದು ಎದ್ದುಹೋಗಬಹುದು. ಹೊರೆಯೆಲ್ಲ ಸತ್ತವರ ಹೆಗಲಿಗೆ.

ಕರ್ತನಾದ ಯೇಸುವೇ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ಸಿಲೋವದ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತಾಗ, ಅವರು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚು ಅಪರಾಧಿಗಳೆಂದು ಭಾವಿಸುತ್ತೀರೋ ಎಂದು ಕೇಳಿ, ಅಲ್ಲವೆಂದು ಆತನೇ ಹೇಳಿದ್ದು ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿದೆ. ಮೊಂಟೆಪದವಿನ ಮಕ್ಕಳ ಬಗ್ಗೆ ವೇದಿಕೆ ಹತ್ತುವ ಮೊದಲು ಆ ವಚನವನ್ನು ಓದಬಾರದಿತ್ತೇ? 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಪೋರ್ಚುಗಲ್‌ನ ಲಿಸ್ಬನ್ ನಗರ ಕಂಪಿಸಿದಾಗ ಕುಸಿದದ್ದು ಆರಾಧಕರು ತುಂಬಿದ್ದ ಚರ್ಚುಗಳು. ಅಲ್ಲಿಯೂ ದೇವರ ಕೋಪವೆಂದು ಬೋಧಿಸಿದವರಿದ್ದರು. ಆದರೆ ಮಂತ್ರಿ ಪೊಂಬಾಲ್ ದೇಶದ ಪ್ರತಿಯೊಂದು ಧರ್ಮಕೇಂದ್ರದ ಪಾದ್ರಿಗೂ ಪ್ರಶ್ನಾವಳಿ ಕಳುಹಿಸಿದ: ಕಂಪನ ಎಷ್ಟು ಹೊತ್ತು ಇತ್ತು, ನೆಲ ಎಲ್ಲಿ ಬಿರಿಯಿತು, ಸಮುದ್ರ ಏರಿತೋ ಇಳಿಯಿತೋ, ಎಷ್ಟು ಮನೆ ಬಿದ್ದವು. ಪಾದ್ರಿಗಳು ನೋಡಿ ಬರೆದು ಕಳುಹಿಸಿದ ಆ ಉತ್ತರಗಳನ್ನು ಭೂಕಂಪಶಾಸ್ತ್ರದ ಆರಂಭದ ದಾಖಲೆಗಳೆಂದು ನಾವು ಇಂದಿಗೂ ಗೌರವಿಸುತ್ತೇವೆ. ನೀವೂ ಅಂಥ ಕೆಲಸ ಮಾಡಬಲ್ಲಿರಿ. ಪ್ರತಿಯೊಂದು ಮನೆಯ ಅಂಗಳವೂ ಹಿತ್ತಿಲೂ ನಿಮಗೆ ಗೊತ್ತು.

ಕೊನೆಗೆ, ಹೇಳಲೇಬೇಕಾದ ಮೂರನೆಯ ಸಂಗತಿ. ನಮ್ಮ ಒಂದು ಸಭೆಯ ಹೊಸ ಸಭಾಭವನಕ್ಕಾಗಿ ಹಿಂಬದಿಯ ಗುಡ್ಡವನ್ನು ನೆಟ್ಟಗೆ ಕಡಿದಿದ್ದಾರೆ. ಮೇಲೆ ಮುರಕಲ್ಲು, ಅದರ ಕೆಳಗೆ ಭವನದ ಮಾಡಿನ ಮಟ್ಟದವರೆಗೂ ಬಿಳಿ ಶೇಡಿ ಕಾಣುತ್ತದೆ. ಕಳೆದ ಮಳೆಗಾಲದಲ್ಲಿ ಟಾರ್ಪಾಲು ಹೊದಿಸಿದ್ದರು. ಚರಂಡಿ ಇಲ್ಲ, ನೀರು ಬಸಿಯಲು ತೂತು ಬಿಟ್ಟ ತಡೆಗೋಡೆ ಇಲ್ಲ. ಆ ಭವನದಲ್ಲಿ ಪ್ರತಿ ಭಾನುವಾರ ಮಕ್ಕಳ ತರಗತಿ ನಡೆಯುತ್ತದೆ. ಸಮಿತಿಗೆ ತೋರಿಸಿದಾಗ, ಪ್ರಳಯದಲ್ಲಿ ನೋಹನನ್ನು ಕಾಪಾಡಿದ ದೇವರು ನಮ್ಮನ್ನೂ ಕಾಪಾಡುತ್ತಾನೆ ಎಂದರು. ನೋಹನಿಗೆ ದೇವರು ನಾವೆಯ ಉದ್ದ, ಅಗಲ, ಎತ್ತರ ಕೊಟ್ಟು, ಒಳಗೂ ಹೊರಗೂ ರಾಳ ಬಳಿಯಲು ಹೇಳಿದ್ದನ್ನು ಮರೆತರೇ? ಹೊಸ ಮನೆ ಕಟ್ಟುವವನು ಮಾಳಿಗೆಗೆ ತಡೆಗೋಡೆ ಕಟ್ಟಬೇಕು, ಇಲ್ಲವಾದರೆ ಯಾರಾದರೂ ಬಿದ್ದು ಸತ್ತ ರಕ್ತದ ಅಪರಾಧ ಆ ಮನೆಯ ಮೇಲಿರುತ್ತದೆ ಎಂದು ಧರ್ಮೋಪದೇಶಕಾಂಡ 22:8 ಹೇಳುತ್ತದೆ. ಇದೂ ದೇವರ ವಾಕ್ಯವೇ.

ಆದ್ದರಿಂದ ನನ್ನ ಕೋರಿಕೆಗಳು ಇವು. ನೋಹನ ಕತೆಯನ್ನು ಕಲಿಸಿ, ಪೂರ್ತಿ ಕಲಿಸಿ. ದೇವರ ದುಃಖ, ಒಡಂಬಡಿಕೆ, ಬಿತ್ತನೆಯೂ ಕೊಯ್ಲೂ ನಿಲ್ಲುವುದಿಲ್ಲವೆಂಬ ಆದಿಕಾಂಡ 8:22ರ ಮಾತು, ಎಲ್ಲವನ್ನೂ. ಆದರೆ ಕಲ್ಲಿನ ವಯಸ್ಸನ್ನು ವಿಶ್ವಾಸದ ಪರೀಕ್ಷೆಯನ್ನಾಗಿ ಮಾಡಬೇಡಿ, ಶಾಲೆಗೂ ಸಭೆಗೂ ನಡುವೆ ಮಕ್ಕಳನ್ನು ಹರಿದು ಹಂಚಬೇಡಿ. ಪ್ರಳಯವಾದವನ್ನು ಬೋಧಿಸಲೇಬೇಕು ಎನ್ನುವವರು, ಇದು ಒಂದು ಗುಂಪಿನ ವ್ಯಾಖ್ಯಾನ, ಭೂವಿಜ್ಞಾನಿಗಳು ಒಪ್ಪುವುದಿಲ್ಲ, ಎಷ್ಟೋ ಕ್ರೈಸ್ತರೂ ಒಪ್ಪುವುದಿಲ್ಲ ಎಂದು ಅದೇ ಉಸಿರಿನಲ್ಲಿ ಹೇಳಲಿ. ಮುಂದಿನ ಬಾರಿ ಮಕ್ಕಳನ್ನು ದ್ವೀಪಕ್ಕೆ ಕರೆದೊಯ್ಯುವಾಗ ಮಂಗಳೂರು ವಿಶ್ವವಿದ್ಯಾನಿಲಯದ ಮಂಗಳಗಂಗೋತ್ರಿ ಆವರಣದ ಸಾಗರ ಭೂವಿಜ್ಞಾನ ವಿಭಾಗದಿಂದ ಒಬ್ಬರನ್ನು ಆಹ್ವಾನಿಸಿ. ಯಾರೂ ಸಿಗದಿದ್ದರೆ ನಾನು ಬರುತ್ತೇನೆ, ಪ್ರಾರ್ಥನೆ ಮಾಡಿಯೇ ಪಾಠ ಆರಂಭಿಸುತ್ತೇನೆ.

ದುರಂತದಲ್ಲಿ ಸತ್ತವರ ಮೇಲೆ ತೀರ್ಪು ಹೇಳುವ ಬೋಧನೆಯನ್ನು ದಯವಿಟ್ಟು ಇಂದೇ ನಿಲ್ಲಿಸಿ. ಅಂಥ ಕುಟುಂಬದವರು ನಮ್ಮ ನಡುವೆಯೇ ಕೂತಿರಬಹುದು.

ಪ್ರತಿಯೊಂದು ಸಭೆಯೂ ಏಪ್ರಿಲ್ ಮುಗಿಯುವುದರೊಳಗೆ ತನ್ನ ಜಾಗವನ್ನೂ ಸದಸ್ಯರ ಮನೆಗಳನ್ನೂ ಒಮ್ಮೆ ಸುತ್ತಿ ನೋಡಲಿ. ಕಡಿದ ಗುಡ್ಡ ಎಷ್ಟು ಎತ್ತರ, ಶೇಡಿ ಕಾಣುತ್ತಿದೆಯೇ, ಮೇಲ್ಭಾಗದ ನೆಲದಲ್ಲಿ ಬಿರುಕು ಇದೆಯೇ, ಮರ ಅಥವಾ ಕಂಬ ವಾಲಿದೆಯೇ, ಮಳೆನೀರು ಎಲ್ಲಿ ಇಂಗುತ್ತದೆ ಎಂದು ಬರೆದಿಟ್ಟು, ಸಂಶಯ ಇದ್ದಲ್ಲಿ ಪಂಚಾಯಿತಿಗೂ ತಾಲ್ಲೂಕು ಕಚೇರಿಗೂ ಲಿಖಿತವಾಗಿ ತಿಳಿಸಲಿ. ಯುವಜನ ಸಂಘದವರಿಗೆ ಏನನ್ನು ನೋಡಬೇಕೆಂದು ತೋರಿಸಿಕೊಡಲು ನಾನು ಸಿದ್ಧ.

ನಾನು ಹೇಳಿದ ಆ ಸಭಾಭವನದ ಹಿಂಬದಿಯನ್ನು ಮಣ್ಣು ಬಲ್ಲ ಇಂಜಿನಿಯರೊಬ್ಬರಿಂದ ಪರೀಕ್ಷೆ ಮಾಡಿಸಿ, ಇಳಿಜಾರನ್ನು ಮೆಟ್ಟಿಲುಮೆಟ್ಟಿಲಾಗಿ ತಗ್ಗಿಸಿ, ಮೇಲೆ ಚರಂಡಿ ತೆಗೆಸಿ, ಕೆಳಗೆ ನೀರು ಬಸಿಯುವ ತಡೆಗೋಡೆ ಕಟ್ಟಿಸಿ. ಖರ್ಚಿಗೆ ಸಭೆಯಲ್ಲಿ ವಿಶೇಷ ಕಾಣಿಕೆ ಎತ್ತುವುದಾದರೆ ಮೊದಲ ಪಾಲು ನನ್ನದು. ಕೆಲಸ ಮುಗಿಯುವವರೆಗೆ ಮಕ್ಕಳ ತರಗತಿಗಳನ್ನು ಹಳೆಯ ಕಟ್ಟಡದಲ್ಲಿ ನಡೆಸಿ. ಸಂಬಂಧಪಟ್ಟ ಸಮಿತಿಯವರಿಗೆ ಇದು ಯಾವ ಭವನವೆಂದು ತಿಳಿದಿದೆ. ಈ ಸಲ ಅವರ ಉತ್ತರವನ್ನು ಬರವಣಿಗೆಯಲ್ಲಿ, ಮಳೆಗಾಲಕ್ಕೆ ಮೊದಲು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಭೂವಿಜ್ಞಾನ ಉಪನ್ಯಾಸಕ
ಉಡುಪಿ